ಅಮೆರಿಕದ ಫೋನಿಗೆ ನಮ್ಮ ಸಿಮ್: ಏನು ನಡೆಯುತ್ತೆ, ಏನು ನಡೆಯಲ್ಲ, ಮೊದಲೇ ತಿಳಿಯೋದು ಹೇಗೆ

“ಅಮೆರಿಕದಿಂದ ಬಂದ ಫೋನಿಗೆ ಜಿಯೋ ಸಿಮ್ ಹಾಕಿದೆ. ನೆಟ್ ಚೆನ್ನಾಗಿ ಓಡುತ್ತದೆ, ವಾಟ್ಸಾಪ್ ಬರುತ್ತದೆ, ಯೂಟ್ಯೂಬ್ ಬರುತ್ತದೆ. ಕಾಲ್ ಮಾತ್ರ ಹೋಗಲ್ಲ. ಫೋನ್ ಕೆಟ್ಟಿದೆಯಾ?”

ಕೆಟ್ಟಿಲ್ಲ. ಆ ಫೋನಿಗೆ ಜಿಯೋದಲ್ಲಿ ಕಾಲ್ ಮಾಡುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಡಬ್ಬಿಯ ಮೇಲೆ “5ಜಿ, ವೋಲ್ಟಿ (4ಜಿ ಮೇಲೆ ಕಾಲ್), ವೈಫೈ ಕಾಲಿಂಗ್ (ವೈಫೈ ಮೇಲೆ ಕಾಲ್)” ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಆ ಫೋನನ್ನು ಮಾರಿದ ಕಂಪನಿಯ ನೆಟ್‌ವರ್ಕ್‌ನಲ್ಲಿ ಸಿಗುವ ಸೌಲಭ್ಯ. ಬೇರೆ ನೆಟ್‌ವರ್ಕ್‌ಗೆ ಹೋದ ಮೇಲೆ ಕೆಲವು ಉಳಿಯುತ್ತವೆ, ಕೆಲವು ಹೋಗುತ್ತವೆ, ಇನ್ನು ಕೆಲವು ಮೂರು ತಿಂಗಳಾದ ಮೇಲೆ ಒಂದು ಅಪ್‌ಡೇಟ್ ಬಂದು ತಾವಾಗಿಯೇ ಶುರುವಾಗುತ್ತವೆ. ಯಾವುದು ಯಾವ ಗುಂಪಿಗೆ ಸೇರಿದ್ದು ಅಂತ ಗೊತ್ತಾದರೆ ದುಡ್ಡು ಕೊಡುವ ಮೊದಲೇ ಲೆಕ್ಕ ಹಾಕಿಕೊಳ್ಳಬಹುದು.

ಮೊದಲು ಕೇಳಬೇಕಾದ ಪ್ರಶ್ನೆ: ಆ ಸೌಲಭ್ಯ ಇರುವುದು ಎಲ್ಲಿ?

ಮೂರು ಜಾಗ ಇವೆ. ಒಂದು, ಫೋನಿನ ಹಾರ್ಡ್‌ವೇರ್. ಯಾವ ಬ್ಯಾಂಡ್ (ಟವರ್ ಬಳಸುವ ರೇಡಿಯೋ ಅಲೆಗಳ ಗುಂಪು, ಒಂದೊಂದಕ್ಕೂ ಒಂದು ನಂಬರ್) ಹಿಡಿಯುತ್ತದೆ, ಸಿಮ್ ಟ್ರೇ ಇದೆಯಾ, ಇ-ಸಿಮ್ (ಫೋನಿನೊಳಗೇ ಕೂರಿಸಿರುವ ಸಿಮ್) ಇದೆಯಾ ಅನ್ನುವುದೆಲ್ಲ ಇಲ್ಲಿ ಬರುತ್ತದೆ. ಇದನ್ನು ಯಾರಿಂದಲೂ ಬದಲಾಯಿಸಲು ಆಗುವುದಿಲ್ಲ. ಇನ್ನೊಂದು, ಕಂಪನಿಯ ಸರ್ವರ್. ಕಾಲರ್ ಟ್ಯೂನ್, ವಾಯ್ಸ್‌ಮೇಲ್, ಸ್ಪ್ಯಾಮ್ ಎಚ್ಚರಿಕೆ ಇವೆಲ್ಲ ಅಲ್ಲಿರುತ್ತವೆ. ಸಿಮ್ ಬದಲಾದರೆ ಇವೂ ಹೋದವು, ಫೋನ್ ಎಷ್ಟೇ ದುಬಾರಿಯದಾಗಿರಲಿ.

ಇವೆರಡರ ಮಧ್ಯೆ ಒಂದು ಮೂರನೇ ಜಾಗ ಇದೆ, ಜನ ಪರದಾಡುವುದೆಲ್ಲ ಅಲ್ಲೇ. ಅದು ಫೋನಿನ ಸಾಫ್ಟ್‌ವೇರ್ ಒಳಗೆ ಒಂದೊಂದು ಕಂಪನಿಗೂ ಬೇರೆ ಬೇರೆಯಾಗಿ ಬರೆದಿಟ್ಟಿರುವ ಸೆಟ್ಟಿಂಗ್. ಸಿಮ್ ಹಾಕಿದ ತಕ್ಷಣ ಫೋನ್ ಅದರೊಳಗಿರುವ ಗುರುತಿನ ನಂಬರಿನ (ನಿಮ್ಮ ಮೊಬೈಲ್ ನಂಬರ್ ಅಲ್ಲ) ಮೊದಲ ಅಂಕಿಗಳನ್ನು ಓದುತ್ತದೆ. 404 45 ಅಂತ ಇದ್ದರೆ ಅದು ಏರ್‌ಟೆಲ್, ಕರ್ನಾಟಕ. ಆಮೇಲೆ ತನ್ನ ಪಟ್ಟಿಯಲ್ಲಿ ಆ ಅಂಕಿಗೆ ಏನು ಬರೆದಿದೆ ಅಂತ ಹುಡುಕುತ್ತದೆ. ವೋಲ್ಟಿ ಕೊಡಬಹುದಾ, ವೈಫೈ ಕಾಲಿಂಗ್ ಬಟನ್ ತೋರಿಸಬಹುದಾ, 5ಜಿ ಹಿಡಿಯಬಹುದಾ ಎಲ್ಲ ಅಲ್ಲೇ ಇರುತ್ತದೆ. ಬರೆದಿಲ್ಲ ಅಂದರೆ ಬಟನ್ನೇ ಕಾಣಿಸುವುದಿಲ್ಲ.

2022ರಲ್ಲಿ ಇದಕ್ಕೆ ಒಳ್ಳೆ ಉದಾಹರಣೆ ಸಿಕ್ಕಿತು. ಆ ವರ್ಷ ಅಕ್ಟೋಬರ್ 1ಕ್ಕೆ ಭಾರತದಲ್ಲಿ 5ಜಿ ಉದ್ಘಾಟನೆ ಆಯಿತು. ಐಫೋನ್ 12ರಿಂದ ಮುಂದಿನ ಫೋನುಗಳಲ್ಲಿ ಬೇಕಾದ ಹಾರ್ಡ್‌ವೇರ್ ಮೊದಲೇ ಇತ್ತು. ಆದರೂ ಡಿಸೆಂಬರ್‌ನಲ್ಲಿ ಐಒಎಸ್ 16.2 ಬರುವ ತನಕ ಲಕ್ಷ ರೂಪಾಯಿಯ ಫೋನ್ ಹಿಡಿದವರೂ 4ಜಿಯಲ್ಲೇ ಇದ್ದರು. ಯಾರ ಫೋನನ್ನೂ ಬಿಚ್ಚಲಿಲ್ಲ. ಆ ಪಟ್ಟಿಯಲ್ಲಿ ಅನುಮತಿ ಬಂತು, 5ಜಿ ಶುರುವಾಯಿತು.

ಹಂತ 1: ಲಾಕ್ ಇದೆಯಾ ನೋಡಿ

ಉಳಿದಿದ್ದೆಲ್ಲ ಆಮೇಲೆ. ಅಮೆರಿಕದಲ್ಲಿ ಕಂತಿನ ಮೇಲೆ ಕೊಟ್ಟ ಫೋನುಗಳು ಸಾಮಾನ್ಯವಾಗಿ ಆ ಕಂಪನಿಗೇ ಲಾಕ್ ಆಗಿರುತ್ತವೆ, ಅಂದರೆ ಬೇರೆ ಕಂಪನಿಯ ಸಿಮ್ ಒಪ್ಪುವುದಿಲ್ಲ. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋಗಿ ಕೆಳಗೆ ಸರಿಸಿ. “ಕ್ಯಾರಿಯರ್ ಲಾಕ್” ಅನ್ನುವ ಸಾಲಿನಲ್ಲಿ “ನೋ ಸಿಮ್ ರಿಸ್ಟ್ರಿಕ್ಷನ್ಸ್” ಅಂತ ಇದ್ದರೆ ನಿಶ್ಚಿಂತೆ. ಬೇರೆ ಏನೇ ಬರೆದಿದ್ದರೂ ಕೊಳ್ಳಬೇಡಿ. ಆಂಡ್ರಾಯ್ಡ್‌ಗೆ ನಂಬುವಂಥ ಪರೀಕ್ಷೆ ಅಂದರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದು. ಲಾಕ್ ಇದ್ದರೆ ಅನ್‌ಲಾಕ್ ಪಿನ್ ಕೇಳುತ್ತದೆ, ಇಲ್ಲವೇ ಈ ಸಿಮ್ ನಡೆಯುವುದಿಲ್ಲ ಅಂತ ಹೇಳುತ್ತದೆ. ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ ಥರದ ಕಡೆ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ನಿಮ್ಮದೇ ಸಿಮ್ ಹಾಕಿ, ಒಂದು ಕಾಲ್ ಮಾಡಿ, ಆಮೇಲೆ ದುಡ್ಡು ತೆಗೆಯಿರಿ.

ಲಾಕ್ ತೆಗೆಯಲು ಆಗುವುದು ಅದನ್ನು ಹಾಕಿದ ಕಂಪನಿಗೆ ಮಾತ್ರ. ಎಟಿ&ಟಿಯಲ್ಲಿ ಫೋನಿನ ಪೂರ್ತಿ ಹಣ ಕಟ್ಟಿರಬೇಕು, 60 ದಿನ ಅವರ ನೆಟ್‌ವರ್ಕ್‌ನಲ್ಲಿ ಬಳಸಿರಬೇಕು. ಟಿ-ಮೊಬೈಲ್‌ನಲ್ಲಿ ಪೋಸ್ಟ್‌ಪೇಯ್ಡ್‌ಗೆ 40 ದಿನ, ಅಲ್ಲೂ ಹಣ ಬಾಕಿ ಇರಬಾರದು. ಅಕ್ಕ-ಭಾವ ಅಲ್ಲಿದ್ದು ಫೋನ್ ಕಳಿಸುತ್ತಿದ್ದರೆ, ವಿಮಾನ ಹತ್ತುವ ಮೊದಲೇ ಅವರ ಅಕೌಂಟ್‌ನಿಂದ ಅನ್‌ಲಾಕ್ ಮಾಡಿಸಲು ಹೇಳಿ. ಇಲ್ಲಿಗೆ ಬಂದ ಮೇಲೆ ರಾತ್ರಿ ಎದ್ದು ಕೂತು ಅವರ ಕಸ್ಟಮರ್ ಕೇರ್‌ಗೆ ಕಾಯುವ ಗೋಳು ಬೇಡ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ, ಬ್ರಿಟನ್‌ನಲ್ಲಿ 2021ರ ಡಿಸೆಂಬರ್‌ನಿಂದ ಲಾಕ್ ಮಾಡಿದ ಫೋನ್ ಮಾರುವಂತೆಯೇ ಇಲ್ಲ. ಅಲ್ಲಿಂದ ತಂದ ಹೊಸ ಫೋನಿಗೆ ಈ ತಲೆನೋವು ಇಲ್ಲ.

ಕೆಲವು ಅಂಗಡಿಯವರು ಸಿಮ್ ಕೆಳಗೆ ಕಾಗದದಷ್ಟು ತೆಳ್ಳಗಿನ ಒಂದು ಚಿಪ್ ಇಟ್ಟು “ಅನ್‌ಲಾಕ್ ಆಯ್ತು ಸಾರ್” ಅನ್ನುತ್ತಾರೆ. ಅದು ಅನ್‌ಲಾಕ್ ಅಲ್ಲ, ಫೋನಿಗೆ ಸುಳ್ಳು ಹೇಳುವ ಉಪಾಯ. ಮುಂದಿನ ಅಪ್‌ಡೇಟ್ ಬಂದಾಗ ಬಿದ್ದುಹೋಗಬಹುದು. ಹಾಗಂತ ಅಪ್‌ಡೇಟ್ ಮಾಡದೆ ಎಷ್ಟು ದಿನ ಇರುತ್ತೀರಿ?

ಸೆಕೆಂಡ್ ಹ್ಯಾಂಡ್ ಆದರೆ ಕಳವಿನ ಮಾಲಾ ಅಂತಲೂ ನೋಡಿಬಿಡಿ. *#06# ಒತ್ತಿದರೆ ಐಎಂಇಐ, ಅಂದರೆ ಫೋನಿನ 15 ಅಂಕಿಯ ಗುರುತಿನ ಸಂಖ್ಯೆ ಬರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಅಂತ ಹಾಕಿ, ಒಂದು ಜಾಗ ಬಿಟ್ಟು, ಆ 15 ಅಂಕಿ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಸರ್ಕಾರದ ಸಂಚಾರ್ ಸಾಥಿ ವ್ಯವಸ್ಥೆಯಿಂದ ಉತ್ತರ ಬರುತ್ತದೆ.

ಹಂತ 2: ಸಿಮ್ ಹಾಕುವ ಜಾಗ ಇದೆಯಾ?

ನಗಬೇಡಿ. 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಟ್ರೇ ಇಲ್ಲ, ಪೂರ್ತಿ ಇ-ಸಿಮ್. ಮಾಡೆಲ್ ನಂಬರಿನ ಕೊನೆಗೆ ಎಲ್‌ಎಲ್/ಎ ಅಂತ ಇದ್ದರೆ ಅಮೆರಿಕದ್ದು, ಎಚ್‌ಎನ್/ಎ ಇದ್ದರೆ ಭಾರತದ್ದು. ಜಿಯೋ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಮೂವರೂ ಇ-ಸಿಮ್ ಕೊಡುತ್ತಾರೆ. ಆಯಾ ಕಂಪನಿಯ ಆ್ಯಪ್‌ನಿಂದ ಅಥವಾ ಸ್ಟೋರ್‌ಗೆ ಹೋಗಿ ಮಾಡಿಸಬಹುದು. ಇಐಡಿ ಅನ್ನುವ 32 ಅಂಕಿಯ ಸಂಖ್ಯೆ ಕೇಳಿದರೆ ಅದೂ *#06# ಒತ್ತಿದಾಗ ಸಿಗುತ್ತದೆ.

ಒಂದು ಎಚ್ಚರಿಕೆ. ಸಿಮ್ ಬದಲಾಯಿಸಿದ ಮೇಲೆ, ಇ-ಸಿಮ್ ಮಾಡಿಸಿದರೂ ಅಷ್ಟೇ, 24 ಗಂಟೆ ಎಸ್‌ಎಂಎಸ್ ನಿಂತಿರುತ್ತದೆ. ಮೋಸ ತಡೆಯಲು ಇರುವ ನಿಯಮ ಅದು. ಎಸ್‌ಎಂಎಸ್ ಇಲ್ಲ ಅಂದರೆ ಬ್ಯಾಂಕ್ ಒಟಿಪಿ ಇಲ್ಲ, ಹೊಸ ಫೋನಿನಲ್ಲಿ ಯುಪಿಐ ರಿಜಿಸ್ಟರ್ ಮಾಡಲೂ ಆಗುವುದಿಲ್ಲ. ಊರಿಗೆ ಹೊರಡುವ ಹಿಂದಿನ ದಿನ, ಮನೆ ಬಾಡಿಗೆ ಕಟ್ಟುವ ದಿನ ಈ ಕೆಲಸಕ್ಕೆ ಕೈಹಾಕಬೇಡಿ.

ಹಂತ 3: ಬ್ಯಾಂಡ್ ಹೊಂದಿಸಿ ನೋಡಿ

ಫೋನಿನ ಸರಿಯಾದ ಮಾಡೆಲ್ ನಂಬರ್ ಹಿಡಿದು ತಯಾರಕರ ವೆಬ್‌ಸೈಟಿನಲ್ಲಿ ಬ್ಯಾಂಡ್ ಪಟ್ಟಿ ತೆಗೆಯಿರಿ. ಹೆಸರು ಒಂದೇ ಇದ್ದರೆ ಸಾಲದು, ಸ್ಯಾಮ್‌ಸಂಗ್‌ನಲ್ಲಿ ಕೊನೆಯ ಅಕ್ಷರವೇ ಬೇರೆ ಕಥೆ ಹೇಳುತ್ತದೆ. ಯು ಇದ್ದರೆ ಅಮೆರಿಕದ ಕಂಪನಿ ಮೂಲಕ ಮಾರಿದ್ದು, ಯು1 ಇದ್ದರೆ ಅಲ್ಲಿಯದೇ ಅನ್‌ಲಾಕ್ ಆಗಿರುವ ಮಾಡೆಲ್.

ಜಿಯೋ 4ಜಿಗೆ 3, 5, 40 ಬೇಕು. ಏರ್‌ಟೆಲ್‌ಗೆ 1, 3, 8, 40. 5ಜಿಗೆ ಇಬ್ಬರಿಗೂ ಎನ್78, ಜಿಯೋಗೆ ಜೊತೆಗೆ ಎನ್28. ಐಫೋನುಗಳಲ್ಲಿ, ದೊಡ್ಡ ಗ್ಯಾಲಕ್ಸಿ ಫೋನುಗಳಲ್ಲಿ ಇವು ಸಾಮಾನ್ಯವಾಗಿ ಸಿಗುತ್ತವೆ. ಅಲ್ಲಿನ ಅಗ್ಗದ ಪ್ರೀಪೇಯ್ಡ್ ಫೋನುಗಳಲ್ಲೇ ಕೊರತೆ ಜಾಸ್ತಿ. 40 ಇಲ್ಲದಿದ್ದರೆ ಊರೊಳಗೆ ನೆಟ್ ನಿಧಾನ ಆಗಬಹುದು, ಅಷ್ಟೇ. ಕೆಳಗಿನ ಬ್ಯಾಂಡ್, ಅಂದರೆ 5 ಅಥವಾ 8 ಇಲ್ಲದಿದ್ದರೆ ಕಷ್ಟ ಬೇರೆ. ಅವುಗಳ 850, 900 ಮೆಗಾಹರ್ಟ್ಸ್ ಅಲೆಗಳು ದೂರ ಹೋಗುತ್ತವೆ, ಗೋಡೆ ದಾಟಿ ಒಳಗೆ ಬರುತ್ತವೆ. ತೀರ್ಥಹಳ್ಳಿ ಕಡೆ ಗುಡ್ಡದ ಆಚೆ ಟವರ್ ಇರುವ ಮನೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಹಂತ 4: ವೋಲ್ಟಿ. ಇದನ್ನು ಬಿಟ್ಟರೆ ಎಲ್ಲ ಬಿಟ್ಟಂತೆ

ವೋಲ್ಟಿ ಅಂದರೆ 4ಜಿ ಮೇಲೆಯೇ ಕಾಲ್ ಹೋಗುವುದು. ಜಿಯೋ 2016ರ ಸೆಪ್ಟೆಂಬರ್ 5ಕ್ಕೆ ಶುರುವಾದಾಗಲೇ 2ಜಿ, 3ಜಿ ಎರಡೂ ಇಲ್ಲದ ನೆಟ್‌ವರ್ಕ್ ಆಗಿತ್ತು. ಹಾಗಾಗಿ ಜಿಯೋದಲ್ಲಿ ವೋಲ್ಟಿ ಇಲ್ಲ ಅಂದರೆ ಮಾಮೂಲಿ ಕಾಲ್ ಇಲ್ಲ. ಮೇಲೆ ಹೇಳಿದ “ನೆಟ್ ಇದೆ, ಕಾಲ್ ಇಲ್ಲ” ಸಮಸ್ಯೆಗೆ ಕಾರಣ ಇದೇ.

ಏರ್‌ಟೆಲ್‌ನಲ್ಲಿ ಸಮಸ್ಯೆ ಮರೆಯಲ್ಲಿರುತ್ತದೆ. ಅವರ 2ಜಿ ಇನ್ನೂ ಇದೆ, 3ಜಿಯನ್ನು 2020ರಲ್ಲಿ ಮುಚ್ಚಿದರು. ಫೋನಿಗೆ ವೋಲ್ಟಿ ಸಿಗದಿದ್ದರೆ ಕಾಲ್ ನೇರ 2ಜಿಗೆ ಇಳಿಯುತ್ತದೆ. ಮಾತು ನಡೆಯುತ್ತದೆ, ಹಾಗಾಗಿ ಎಲ್ಲ ಸರಿ ಇದೆ ಅಂದುಕೊಳ್ಳುತ್ತೀರಿ. ಆದರೆ ಮಾತಾಡುತ್ತಲೇ ಫೋನ್‌ಪೇ ತೆರೆದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಕಾಲ್ ಕಟ್ ಮಾಡಿದ ಮೇಲೆ ಒಂದೆರಡು ಉಸಿರಿನಷ್ಟು ಹೊತ್ತು ಮೇಲಿನ ಮೂಲೆಯಲ್ಲಿ 2ಜಿ ಗುರುತಾದ ಇ (E) ಅಕ್ಷರ ನಿಂತು, ಆಮೇಲೆ 4ಜಿ ಮರಳುತ್ತದೆ, ಬಾಕಿ ಇದ್ದ ವಾಟ್ಸಾಪ್ ಮೆಸೇಜ್‌ಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ.

ಪರೀಕ್ಷೆ ಹೀಗೆ ಮಾಡಿ. ವೈಫೈ ಆಫ್ ಮಾಡಿ. ಯಾರಿಗಾದರೂ ಕಾಲ್ ಮಾಡಿ, ಸ್ಪೀಕರ್ ಹಾಕಿ, ಅವರು ಮಾತಾಡುತ್ತಿರುವಾಗಲೇ ಬ್ರೌಸರ್‌ನಲ್ಲಿ ಇವತ್ತಿನ ತನಕ ತೆರೆಯದ ಯಾವುದಾದರೂ ಪುಟ ತೆರೆಯಿರಿ. ಪುಟ ಬಂತು, ಮೇಲೆ 4ಜಿ ಗುರುತು ಹಾಗೇ ಇದೆ ಅಂದರೆ ವೋಲ್ಟಿ ನಡೆಯುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಬಟನ್ ಆನ್ ಇದೆ ಅನ್ನುವುದನ್ನಷ್ಟೇ ನಂಬಬೇಡಿ. ಪಿಕ್ಸೆಲ್ ಥರದ ಆಂಡ್ರಾಯ್ಡ್‌ಗಳಲ್ಲಿ *#*#4636#*#* ಒತ್ತಿ ಫೋನ್ ಇನ್ಫರ್ಮೇಷನ್ ತೆರೆದು ಐಎಂಎಸ್ ಸ್ಟೇಟಸ್ ನೋಡಬಹುದು. “ರಿಜಿಸ್ಟರ್ಡ್” ಅಂತ ಇರಬೇಕು. ಕೆಲವು ಫೋನುಗಳಲ್ಲಿ ಈ ಕೋಡ್ ತೆರೆಯುವುದೇ ಇಲ್ಲ, ಅಂಥಲ್ಲಿ ಕಾಲ್ ಪರೀಕ್ಷೆಯೇ ಗತಿ.

ನಡೆಯದಿದ್ದರೆ ಮೊದಲು ಮಾಡಬೇಕಾದ್ದು ಸಿಸ್ಟಮ್ ಅಪ್‌ಡೇಟ್. ಐಫೋನ್ ಆದರೆ ಭಾರತದ ಸಿಮ್ ಹಾಕಿ, ವೈಫೈನಲ್ಲಿಟ್ಟು, ಅಬೌಟ್ ಪುಟದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹೊಸ ಕ್ಯಾರಿಯರ್ ಸೆಟ್ಟಿಂಗ್ ಇದ್ದರೆ ಅಲ್ಲೇ ಕೇಳುತ್ತದೆ. ಆಮೇಲೆ ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಮಾಡಿ ನೋಡಿ, ಆದರೆ ವೈಫೈ ಪಾಸ್‌ವರ್ಡ್‌ಗಳು ಅಳಿಸಿಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ.

ಐಫೋನುಗಳಲ್ಲಿ ಇಷ್ಟಕ್ಕೆ ಬಹುಮಟ್ಟಿಗೆ ಸರಿಹೋಗುತ್ತದೆ. ಅಮೆರಿಕದ ಸ್ಯಾಮ್‌ಸಂಗ್‌ನಲ್ಲಿ ಹಾಗಲ್ಲ. ಅಲ್ಲಿ ಸಿಎಸ್‌ಸಿ ಅನ್ನುವ ಮೂರಕ್ಷರದ ದೇಶ-ಕಂಪನಿ ಗುರುತು ಇದೆ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸಾಫ್ಟ್‌ವೇರ್ ಇನ್ಫರ್ಮೇಷನ್ ಒಳಗೆ ಹೋದರೆ ಸರ್ವಿಸ್ ಪ್ರೊವೈಡರ್ ಸಾಲಿನಲ್ಲಿ ಕಾಣಿಸುತ್ತದೆ. ಭಾರತದ ಫೋನಿನಲ್ಲಿ ಐಎನ್‌ಎಸ್ ಅಂತ ಇರುತ್ತದೆ, ಅಲ್ಲಿಯದರಲ್ಲಿ ಎಟಿಟಿ, ಟಿಎಂಬಿ, ವಿಜಡ್‌ಡಬ್ಲ್ಯೂ, ಎಕ್ಸ್‌ಎಎ ಇಂಥವು. ಅಮೆರಿಕದ ಸಾಫ್ಟ್‌ವೇರ್‌ಗೆ ಅಮೆರಿಕದ ಗುರುತುಗಳ ಗುಂಪು ಮಾತ್ರ ಗೊತ್ತು. ಇಲ್ಲಿಯ ಸಿಮ್ ಹಾಕಿದ ಮಾತ್ರಕ್ಕೆ ಐಎನ್‌ಎಸ್ ಆಗುವುದಿಲ್ಲ. ಜಿಯೋ ವೋಲ್ಟಿ ಬರುತ್ತದಾ ಇಲ್ಲವಾ ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಇನ್ನೊಂದು ಮಾತು: ಇಲ್ಲಿಯ ಗ್ಯಾಲಕ್ಸಿಯಲ್ಲಿರುವ ಕಾಲ್ ರೆಕಾರ್ಡಿಂಗ್ ಬಟನ್ ಹುಡುಕಿ ಸುಸ್ತಾಗಬೇಡಿ. ಅದನ್ನು ತೋರಿಸಬೇಕಾ ಬೇಡವಾ ಅಂತ ತೀರ್ಮಾನಿಸುವುದೂ ಈ ಗುರುತೇ.

ಏನು ಮಾಡಿದರೂ ವೋಲ್ಟಿ ಬರದಿದ್ದರೆ ಜಿಯೋದಲ್ಲಿ ಜಿಯೋಕಾಲ್ ಆ್ಯಪ್ ಇದೆ, ಮೊದಲು ಜಿಯೋ4ಜಿವಾಯ್ಸ್ ಅಂತಿತ್ತು. ಅದರಿಂದ ಕಾಲ್ ಮಾಡಬಹುದು. ತಾತ್ಕಾಲಿಕಕ್ಕೆ ಸರಿ. ಅಪ್ಪ-ಅಮ್ಮನಿಗೆ ಕೊಡುವ ಫೋನಿಗೆ ನಾನಂತೂ ಇದನ್ನು ಒಪ್ಪುವುದಿಲ್ಲ. ಕಾಲ್ ಬಂದಾಗ ರಿಂಗ್ ಆಗಲೇಬೇಕು, ಯಾವ ಆ್ಯಪ್ ಹಿನ್ನೆಲೆಯಲ್ಲಿ ಮಲಗಿದೆ ಅಂತ ಅವರು ಯಾಕೆ ನೋಡಬೇಕು?

ಹಂತ 5: 5ಜಿ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಜಿಯೋ 5ಜಿ ಸ್ಟ್ಯಾಂಡ್‌ಅಲೋನ್, ಅಂದರೆ 4ಜಿಯ ಆಸರೆ ಇಲ್ಲದೆ ನಿಂತದ್ದು. ಏರ್‌ಟೆಲ್ ಮೊಬೈಲ್ 5ಜಿ ಶುರು ಮಾಡಿದ್ದು 4ಜಿ ಆಸರೆಯ ಮೇಲೆ. ಹಾಗಾಗಿ ಒಂದೇ ಫೋನ್ ಏರ್‌ಟೆಲ್‌ನಲ್ಲಿ 5ಜಿ ತೋರಿಸಿ ಜಿಯೋದಲ್ಲಿ 4ಜಿಯಲ್ಲೇ ಕೂತರೆ ಆಶ್ಚರ್ಯ ಇಲ್ಲ. ಫೋನ್ ಬೈಯುವ ಮೊದಲು ಪ್ಲ್ಯಾನ್ ನೋಡಿ. 2024ರ ಜುಲೈನಿಂದ ಇಬ್ಬರೂ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ದೊಡ್ಡ ಪ್ಲ್ಯಾನ್‌ಗಳ ಕಡೆಗೆ ಸರಿಸಿದರು.

ಹಂತ 6: ವೈಫೈ ಕಾಲಿಂಗ್, ಎರಡೂ ದಿಕ್ಕಿನಿಂದ

ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ತಂದವು. ಇದಕ್ಕೂ ವೋಲ್ಟಿ ಥರವೇ ಫೋನಿನ ಪಟ್ಟಿಯಲ್ಲಿ ಅನುಮತಿ ಇರಬೇಕು. ವೋಲ್ಟಿ ಬರದ ಫೋನಿನಲ್ಲಿ ಇದನ್ನು ನಿರೀಕ್ಷಿಸಬೇಡಿ.

ಇನ್ನೊಂದು ದಿಕ್ಕಿನ ಉಪಯೋಗ ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದಿಂದ ಊರಿಗೆ ಬಂದವರು ಅಲ್ಲಿಯ ನಂಬರ್ ಉಳಿಸಿಕೊಂಡಿರುತ್ತಾರೆ, ಬ್ಯಾಂಕ್ ಒಟಿಪಿಗೆ ಬೇಕಲ್ಲ. ಟಿ-ಮೊಬೈಲ್ ಸಿಮ್ ಆದರೆ ಇಲ್ಲಿ ಮನೆಯ ವೈಫೈ ಮೇಲೆ ಕೂತು ಅಮೆರಿಕದ ನಂಬರುಗಳಿಗೆ ಕಾಲ್ ಮಾಡಲು ರೋಮಿಂಗ್ ದರ ಬೀಳುವುದಿಲ್ಲ. ಆದರೆ ಎಲ್ಲ ಕಂಪನಿಗಳೂ ಹಾಗೆ ಬಿಡುವುದಿಲ್ಲ, ಕೆಲವು ದೇಶಗಳಿಂದ ವೈಫೈ ಕಾಲಿಂಗ್ ತಡೆಯುವವರೂ ಇದ್ದಾರೆ. ಹೊರಡುವ ಮೊದಲು ಭಾರತದ ಹೆಸರು ಹೇಳಿಯೇ ಕೇಳಿಕೊಳ್ಳಿ. ವೈಫೈ ಕಾಲಿಂಗ್ ಆನ್ ಮಾಡುವುದು, ತುರ್ತು ವಿಳಾಸ ತುಂಬುವುದು, ಎರಡನ್ನೂ ಅಲ್ಲಿದ್ದಾಗಲೇ ಮುಗಿಸಿ. ಎರಡು ಸಿಮ್ ಇರುವ ಐಫೋನಿನಲ್ಲಿ ಇಲ್ಲಿಯ ಸಿಮ್‌ನ ಡೇಟಾ ಮೇಲೆಯೂ ಅಲ್ಲಿಯ ನಂಬರ್ ವೈಫೈ ಕಾಲಿಂಗ್ ಥರ ನಡೆಯುತ್ತದೆ, ಮನೆಯಿಂದ ಹೊರಗೆ ಹೋದಾಗ ಇದು ಬಹಳ ಅನುಕೂಲ.

ಬರುವುದೇ ಇಲ್ಲ ಅಂತ ಬಿಟ್ಟುಬಿಡಬೇಕಾದವು

ವಿಷುವಲ್ ವಾಯ್ಸ್‌ಮೇಲ್ (ಕಾಲ್ ಮಾಡಿದವರು ಬಿಟ್ಟ ಧ್ವನಿ ಸಂದೇಶಗಳನ್ನು ಪಟ್ಟಿಯಾಗಿ ತೋರಿಸುವುದು): ಕಂಪನಿ ತನ್ನ ಸರ್ವರ್‌ನಲ್ಲಿ ಇಟ್ಟುಕೊಟ್ಟರೆ ಉಂಟು. ಇಲ್ಲಿ ವಾಯ್ಸ್‌ಮೇಲ್ ಬಿಡುವ ರೂಢಿಯೇ ಇಲ್ಲ, ಮಿಸ್ಡ್ ಕಾಲ್ ಕೊಡುವವರು ನಾವು. ಸ್ಯಾಟಲೈಟ್ ಮೆಸೇಜ್: ಟಿ-ಮೊಬೈಲ್ 2025ರಲ್ಲಿ ಸ್ಟಾರ್‌ಲಿಂಕ್ ಜೊತೆ ಶುರು ಮಾಡಿದ ಸೇವೆಯನ್ನು ಅಲ್ಲಿಯ ಬೇರೆ ಕಂಪನಿಯ ಗ್ರಾಹಕರಿಗೂ ಮಾರುತ್ತದೆ, ಅದೊಂದು ಅಪರೂಪ. ಆದರೆ ಅದನ್ನು ನಂಬಿಕೊಂಡು ಕುಮಾರಪರ್ವತ ಹತ್ತಬೇಡಿ, ಇಲ್ಲಿ ಅದಿಲ್ಲ. ಅಮೆರಿಕದ ಕಂಪನಿ ತುಂಬಿಕೊಟ್ಟ ಆ್ಯಪ್‌ಗಳು: ಸುಮ್ನೆ ಜಾಗ ತಿನ್ನುತ್ತವೆ. ತೆಗೆಯಲು ಆಗದಿದ್ದರೆ ಡಿಸೇಬಲ್ ಮಾಡಿ.

ಐಮೆಸೇಜ್ ಬರುತ್ತದೆ, ಆದರೆ “ವೇಟಿಂಗ್ ಫಾರ್ ಆ್ಯಕ್ಟಿವೇಷನ್” ಅಂತ ನಿಂತುಬಿಟ್ಟರೆ ಪ್ರೀಪೇಯ್ಡ್ ಸಿಮ್‌ನಲ್ಲಿ ಸ್ವಲ್ಪ ಟಾಕ್‌ಟೈಮ್ ಹಾಕಿ. ಫೋನ್ ನಿಮಗೆ ಕಾಣದಂತೆ ವಿದೇಶದ ನಂಬರಿಗೆ ಒಂದು ಎಸ್‌ಎಂಎಸ್ ಕಳಿಸುತ್ತದೆ, ಪ್ಯಾಕ್‌ನ ಉಚಿತ ಎಸ್‌ಎಂಎಸ್ ಲೆಕ್ಕಕ್ಕೆ ಅದು ಸೇರುವುದಿಲ್ಲ.

ಇಲ್ಲಿಂದ ಫೋನ್ ತೆಗೆದುಕೊಂಡು ಹೋಗುವವರಿಗೆ

ಓದಲು ಹೋಗುವ ಮಕ್ಕಳಿಗೆ ಹೊಸ ಫೋನ್ ಕೊಡಿಸಿ ಕಳಿಸುತ್ತೇವೆ ಅಲ್ವಾ? ಅಮೆರಿಕದಲ್ಲಿ ಎಟಿ&ಟಿ, ಟಿ-ಮೊಬೈಲ್, ವೆರೈಝನ್ ಮೂವರೂ 2022ರಲ್ಲೇ 3ಜಿ ಮುಚ್ಚಿದ್ದಾರೆ. ಅಂದರೆ ಅಲ್ಲೂ ವೋಲ್ಟಿ ಇಲ್ಲದೆ ಮಾತಿಲ್ಲ. ಎಟಿ&ಟಿ ತನ್ನ ಪಟ್ಟಿಯಲ್ಲಿ ಇರುವ ಫೋನುಗಳಿಗೆ ಮಾತ್ರ ದಾರಿ ಬಿಡುತ್ತದೆ, ಭಾರತದಲ್ಲಿ ಮಾರುವ ಎಷ್ಟೋ ಮಾಡೆಲ್‌ಗಳು ಅದರಲ್ಲಿಲ್ಲ. ಹೊರಗಿನ ಫೋನಿನ ವಿಷಯದಲ್ಲಿ ಟಿ-ಮೊಬೈಲ್ ಸ್ವಲ್ಪ ಉದಾರಿ. ಬ್ಯಾಂಡ್ ಕೂಡ ಬೇರೆ: ಅಲ್ಲಿ 2, 4, 12, 13, 66, 71 ಬೇಕು, ಇಲ್ಲಿಯ ಅಗ್ಗದ ಫೋನುಗಳಲ್ಲಿ ಇವುಗಳಲ್ಲಿ ಬಹಳಷ್ಟು ಇರುವುದಿಲ್ಲ. ಟಿಕೆಟ್ ಬುಕ್ ಆದ ದಿನವೇ ಅಲ್ಲಿಯ ಕಂಪನಿಯ ವೆಬ್‌ಸೈಟಿನಲ್ಲಿ ಐಎಂಇಐ ಹಾಕಿ ನೋಡಿ.

ಆಸ್ಟ್ರೇಲಿಯಾಕ್ಕೆ ಹೋಗುವವರು ಇನ್ನೂ ಹುಷಾರಾಗಿರಬೇಕು. 2024ರ ಅಕ್ಟೋಬರ್ 28ರಿಂದ ಟೆಲ್‌ಸ್ಟ್ರಾ, ಆಪ್ಟಸ್ 3ಜಿ ನಿಲ್ಲಿಸಿದವು. ಮಾಮೂಲಿ ಕಾಲ್ 4ಜಿಯಲ್ಲಿ ಹೋಗಿ, ತುರ್ತು ನಂಬರ್ 000ಕ್ಕೆ ಮಾತ್ರ 3ಜಿ ಹುಡುಕುವ ಫೋನುಗಳಿದ್ದವು. ಅಂಥವನ್ನು ನೆಟ್‌ವರ್ಕ್‌ನಿಂದಲೇ ಹೊರಗಿಡಬೇಕು ಅನ್ನುವುದು ಅಲ್ಲಿಯ ನಿಯಮ. ನೆಟ್, ಕಾಲ್, ಎಲ್ಲ ನಡೆಯುತ್ತಿದ್ದ ಫೋನೂ ಈ ಒಂದು ಕಾರಣಕ್ಕೆ ಬಂದ್ ಆಗಬಹುದು.

ಇಲ್ಲೇ ಇದ್ದು ಕಂಪನಿ ಬದಲಾಯಿಸುವಾಗ

ಭಾರತದಲ್ಲಿ ಮಾರುವ ಮಾಮೂಲಿ ಸ್ಮಾರ್ಟ್‌ಫೋನಿಗೆ ಲಾಕ್ ಇರುವುದು ಕಡಿಮೆ. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್ ಥರದವು ಬೇರೆ ಜಾತಿ. ಅಜ್ಜಿಯ ಜಿಯೋಫೋನಿಗೆ ಬಿಎಸ್‌ಎನ್‌ಎಲ್ ಸಿಮ್ ಹಾಕಿದರೆ ನಡೆಯುವುದಿಲ್ಲ, ನಂಬರ್ ಪೋರ್ಟ್ ಮಾಡಿದರೆ ಫೋನೂ ಬದಲಾಯಿಸಬೇಕು.

ಪೋರ್ಟ್ ಮಾಡಿದಾಗ ನಂಬರ್ ಜೊತೆಗೆ ಬರುತ್ತದೆ. ಉಳಿದ ಬ್ಯಾಲೆನ್ಸ್ ಬರುವುದಿಲ್ಲ, ಕಾಲರ್ ಟ್ಯೂನ್ ಬರುವುದಿಲ್ಲ, ಪ್ಯಾಕ್ ಜೊತೆ ಸಿಕ್ಕಿದ್ದ ಸಿನಿಮಾ-ಕ್ರಿಕೆಟ್ ಆ್ಯಪ್‌ಗಳ ಚಂದಾ ಬರುವುದಿಲ್ಲ. ಏರ್‌ಟೆಲ್ 2024ರಲ್ಲಿ ಶುರು ಮಾಡಿದ ಸ್ಪ್ಯಾಮ್ ಎಚ್ಚರಿಕೆ ಫೋನಿನದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದು ನೆಟ್‌ವರ್ಕ್‌ನದು, ಸಿಮ್ ಬಿಟ್ಟರೆ ಅದೂ ಇಲ್ಲ.

ಹಾಗಾಗಿ 1900ಕ್ಕೆ ಪೋರ್ಟ್ ಮೆಸೇಜ್ ಕಳಿಸುವ ಮೊದಲು ಹೊಸ ಕಂಪನಿಯ ಒಂದು ಪ್ರೀಪೇಯ್ಡ್ ಸಿಮ್ ಬೇರೆಯಾಗಿ ತೆಗೆದುಕೊಂಡು ಎರಡನೇ ಸ್ಲಾಟ್‌ಗೆ ಹಾಕಿ. ಹೊಸ ಸಿಮ್‌ನ ಮೇಲೆ ಡೇಟಾ ಹಾಕಿಕೊಂಡು ಅಡುಗೆಮನೆ, ಮಲಗುವ ಕೋಣೆ, ಆಫೀಸ್, ಬಸ್ಸು ಎಲ್ಲ ಕಡೆ ಮೇಲಿನ ಕಾಲ್ ಪರೀಕ್ಷೆ ಮಾಡಿ. ಒಮ್ಮೆ ಪೋರ್ಟ್ ಆದರೆ ವಾಪಸ್ ಬರಲು 90 ದಿನ ಕಾಯಬೇಕು. ಇತ್ತೀಚೆಗೆ ಸಿಮ್ ಬದಲಾಯಿಸಿದ್ದರೆ ಅಥವಾ ಇ-ಸಿಮ್ ಮಾಡಿಸಿದ್ದರೆ, ಅದಾಗಿ 7 ದಿನ ಕಳೆಯುವ ತನಕ ಪೋರ್ಟ್ ಕೋಡ್ ಸಿಗುವುದಿಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.